ಗಾಡಿಗಿಂತ ಮೊದಲು ನೆಲ ನೋಡಿ

ನೋಡ್ರಪ್ಪಾ, ನಿಮ್ಮ ಇತಿಹಾಸ ಬಳಗದವರೆಲ್ಲ ಸೇರಿ ಟೆಂಪೊ ಟ್ರಾವೆಲರ್ (ಟಿಟಿ) ಮಾಡಿಕೊಂಡು ಅಹಮದ್‌ನಗರಕ್ಕೆ ಹೊರಟಿದ್ದೀರಿ ಎಂದು ಕೇಳಿ ಖುಷಿಯಾಯಿತು. ಆ ಊರಿಗೆ ಈಗ ಅಹಿಲ್ಯಾನಗರ ಎಂದು ಹೆಸರು. ಅಲ್ಲಿ ಸೇನೆಯ ಆರ್ಮರ್ಡ್ ಕೋರ್ ಸೆಂಟರ್ ಅಂಡ್ ಸ್ಕೂಲ್‌ನವರು 1994ರಲ್ಲಿ ಶುರುಮಾಡಿದ ಟ್ಯಾಂಕ್ ಮ್ಯೂಸಿಯಂ ಇದೆ. ಬ್ರಿಟನ್, ಅಮೆರಿಕ, ಫ್ರಾನ್ಸ್, ಸೋವಿಯತ್ ರಷ್ಯಾ, ಜಪಾನ್, ಜತೆಗೆ ನಮ್ಮದೇ ಆವಡಿ ಕಾರ್ಖಾನೆಯಲ್ಲಿ ತಯಾರಾದ ಐವತ್ತರ ಆಸುಪಾಸಿನ ಯುದ್ಧವಾಹನಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಹೊರಡುವ ಮುಂಚೆ ಈ ಹಿರಿಯನ ನಾಲ್ಕು ಮಾತು ಕೇಳಿಸಿಕೊಳ್ಳಿ. ಹಿಡಿಸಿದ್ದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ದಾರಿಯಲ್ಲೇ ಬಿಡಿ.

ಮೊದಲನೇ ಮಾತೇ ಮುಖ್ಯವಾದದ್ದು. ಯಾವುದೇ ಯುದ್ಧವಾಹನದ ಮುಂದೆ ನಿಂತಾಗ ಅದರ ತೋಪು ಎಷ್ಟು ಮಿಲಿಮೀಟರ್, ಉಕ್ಕು ಎಷ್ಟು ದಪ್ಪ, ಎಂಜಿನ್ ಎಷ್ಟು ಕುದುರೆಶಕ್ತಿ ಎಂದು ಕೇಳುವುದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ: ಇದು ಯಾವ ನೆಲದ ಮೇಲೆ ಓಡಿತು? ಆ ಲೆಕ್ಕಗಳೆಲ್ಲ ಪುಸ್ತಕದಲ್ಲಿ ಸಿಗುತ್ತವೆ, ನಿಮ್ಮಲ್ಲಿ ಅರ್ಧ ಜನಕ್ಕೆ ಅವು ಬಾಯಿಪಾಠವೂ ಆಗಿವೆ. ಆದರೆ ಒಂದು ಗಾಡಿ ಗೆದ್ದಿದ್ದೂ ಸೋತಿದ್ದೂ ಅದು ನಿಂತ ಮಣ್ಣಿನಿಂದಾಗಿ. ಟ್ಯಾಂಕ್ ಹುಟ್ಟಿದ್ದೂ ಹಾಗೆಯೇ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬಯಲು ಕಂದಕ, ಮುಳ್ಳುತಂತಿ, ಮಂಡಿಯುದ್ದದ ಕೆಸರಿನಿಂದ ತುಂಬಿಹೋಗಿತ್ತು. ಕುದುರೆಗಳೂ ಚಕ್ರದ ಗಾಡಿಗಳೂ ಅಲ್ಲಿ ಕಾಲಿಡಲಾರದೆ ಹೋದವು. ಆಗ ಚಕ್ರಕ್ಕೆ ಉಕ್ಕಿನ ಪಟ್ಟಿ ಸುತ್ತಿ ಕೆಸರಿನ ಮೇಲೆ ಹರಿದಾಡುವ ಈ ಯಂತ್ರ ಮಾಡಿದರು. 1916ರ ಸೆಪ್ಟೆಂಬರ್ 15ರಂದು ಸೊಮ್ ರಣರಂಗದಲ್ಲಿ ಅದು ಮೊದಲ ಸಲ ಯುದ್ಧಕ್ಕಿಳಿಯಿತು. ಹಳೆಯ ಬ್ರಿಟಿಷ್ ಟ್ಯಾಂಕುಗಳ ವಿಚಿತ್ರ ಆಕಾರಕ್ಕೆ ಕಾರಣ ಹುಡುಕುವವರು ಆ ಕಂದಕಗಳ ಅಗಲ ತಿಳಿದುಕೊಂಡರೆ ಸಾಕು.

ಎರಡನೇ ಮಾತು ದಾರಿಯ ಬಗ್ಗೆ. ರೈಲಿನಲ್ಲಿ ಹೋಗುವುದಾದರೆ ಕರ್ನಾಟಕ ಎಕ್ಸ್‌ಪ್ರೆಸ್ ಆ ಊರಿನ ಮೇಲೇ ಹಾದುಹೋಗುತ್ತದೆ. ಟಿಟಿಯಲ್ಲಿ ಹೋಗುವವರು ಮಾತ್ರ ವಿಜಯಪುರ, ಸೊಲ್ಲಾಪುರ, ಕರಮಾಳೆ ಮಾರ್ಗ ಹಿಡಿಯಿರಿ, ವಿಜಯಪುರದಲ್ಲಿ ಇಳಿದು ಮಲಿಕ್-ಎ-ಮೈದಾನ್ ತೋಪು ನೋಡಿಯೇ ಮುಂದೆ ಹೋಗಿ. ಟ್ಯಾಂಕ್ ನೋಡಲು ಹೊರಟವರಿಗೆ ತೋಪು ಯಾಕೆ ಎನ್ನಬೇಡಿ. ಆ ತೋಪನ್ನು 1549ರಲ್ಲಿ ಎರಕ ಹೊಯ್ದದ್ದು ನೀವು ಹೊರಟಿರುವ ಅಹಮದ್‌ನಗರದಲ್ಲೇ, ನಿಜಾಮಶಾಹಿಗಳ ಕಾಲದಲ್ಲಿ. ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ತೂಕ ಸುಮಾರು 55 ಟನ್. ಬಾಯಿಯ ಹತ್ತಿರ ಹೋಗಿ ನೋಡಿ: ದವಡೆ ಅಗಲಿಸಿದ ಸಿಂಹದ ಮುಖ, ಹಲ್ಲಿನ ಸಂದಿಯಲ್ಲಿ ಅದು ನುಂಗುತ್ತಿರುವ ಆನೆ. ಬಿಸಿಲಿನಲ್ಲೂ ಆ ಲೋಹ ತಣ್ಣಗಿರುತ್ತದೆ ಎಂದು ಊರಿನವರು ಹೇಳುತ್ತಾರೆ, ಕೈಯಿಟ್ಟು ನೀವೇ ಪರೀಕ್ಷೆ ಮಾಡಿ. ಆಮೇಲೆ ಆ ಬುರುಜಿನ ಮೇಲೆ ನಿಂತು ಸುತ್ತಲಿನ ಎರೆಮಣ್ಣಿನ ಬಯಲಿನತ್ತ ಒಮ್ಮೆ ಕಣ್ಣುಹಾಯಿಸಿ. ನೀವು ಮರುದಿನ ನೋಡಲಿರುವ ಪ್ಯಾಟನ್ ಟ್ಯಾಂಕಿನ ತೂಕ 45 ಟನ್ನಿನ ಆಸುಪಾಸು, ಅದಕ್ಕೆ ತನ್ನದೇ ಎಂಜಿನ್ ಇದೆ. ಅದಕ್ಕಿಂತ ಭಾರವಾದ ಈ ಕಂಚಿನ ರಾಶಿಯನ್ನು ಎಂಜಿನ್ ಇಲ್ಲದ ಕಾಲದಲ್ಲಿ, ಒಂದು ಮಳೆ ಬಿದ್ದರೆ ಕಾಲು ಕೀಳಲಾಗದ ಮಣ್ಣಿನ ಮೇಲೆ, 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಯವರೆಗೆ ಎಳೆತಂದರು. ನೂರಾರು ಎತ್ತು, ಆನೆ, ಆಳುಗಳು ಬೇಕಾದವೆಂಬ ಮಾತು ಇಂದಿಗೂ ಆ ಕಡೆ ಚಾಲ್ತಿಯಲ್ಲಿದೆ.

ಎತ್ತಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳು ಒಂದು ಕಾಲಕ್ಕೆ ಈ ದೇಶದ ಅತಿ ವೇಗದ ಯುದ್ಧವಾಹನ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ಜಾನುವಾರು ಇಲಾಖೆಯಿಂದ ಶುರುವಾದ ಆ ಹಿಂಡನ್ನು ಹೈದರನೂ ಟಿಪ್ಪುವೂ ದಂಡಿನ ತೋಪು, ಸಾಮಾನು ಎಳೆಯಲು ಬಳಸಿಕೊಂಡರು. ಹೈದರನ ದಂಡು ಎದುರಾಳಿಗಳ ಎಣಿಕೆ ಮೀರಿ ಬಂದು ಮೇಲೆ ಬೀಳುತ್ತಿದ್ದುದರ ಗುಟ್ಟು ಆ ಕಾಲುಗಳಲ್ಲಿತ್ತು. 1803ರ ಆಗಸ್ಟ್‌ನಲ್ಲಿ ಅಹಮದ್‌ನಗರದ ಕೋಟೆ ಹಿಡಿದ ಆರ್ಥರ್ ವೆಲ್ಲೆಸ್ಲಿ ನಾಲ್ಕು ವರ್ಷದ ಹಿಂದೆ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು. ಮರಾಠರ ಮೇಲಿನ ಆ ದಂಡಯಾತ್ರೆಯಲ್ಲಿ ಅವನ ತೋಪುಗಳನ್ನು ಎಳೆದದ್ದೂ ಮೈಸೂರಿನ ಎತ್ತುಗಳೇ. ಹೀಗಾಗಿ ನಿಮ್ಮ ಪ್ರವಾಸದ ಮೊದಲ ಯುದ್ಧವಾಹನ ಮ್ಯೂಸಿಯಂನಲ್ಲಿ ಇರುವುದಿಲ್ಲ. ಈ ಎತ್ತುಗಳ ಸೀಮೆಯಾದ ಅಜ್ಜಂಪುರದ ಕಡೆಯವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅದರ ಕಥೆ ಹೇಳುವ ಹಕ್ಕು ಅವರದು.

ಮೂರನೇ ಮಾತು, ಎಲ್ಲವನ್ನೂ ನೋಡಲು ಹೋಗಬೇಡಿ. ಐವತ್ತು ಗಾಡಿಗೆ ಐವತ್ತು ಸೆಲ್ಫಿ ತೆಗೆದುಕೊಂಡು ಬರುವುದೆಂದರೆ ಮದುವೆ ಊಟಕ್ಕೆ ಕೂತು ಎಲ್ಲ ಪದಾರ್ಥಕ್ಕೂ ಬೆರಳು ಅದ್ದಿ ಎದ್ದುಬಂದ ಹಾಗೆ. ಹೊರಡುವ ವಾರದ ಮುಂಚೆಯೇ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ಗಾಡಿ ಹಂಚಿಬಿಡಿ. ಅವರವರ ಗಾಡಿಯ ಬಗ್ಗೆ ಅವರವರು ಓದಿಕೊಂಡು ಬಂದು ಅದರ ಮುಂದೆ ನಿಂತು ಹತ್ತು ನಿಮಿಷ ಮಾತಾಡಲಿ. ಆ ಹತ್ತು ನಿಮಿಷ ಉಳಿದವರು ಬಾಯಿಗೆ ಬೀಗ ಹಾಕಿಕೊಳ್ಳಿ. ಇತಿಹಾಸ ಬಳಗಗಳಿಗೆ ಒಂದು ರೋಗವಿದೆ: ಒಬ್ಬ ಮಾತು ಶುರುಮಾಡಿದರೆ ಇನ್ನೊಬ್ಬ ಅಂಕಿ ತಿದ್ದುತ್ತಾನೆ, ಮೂರನೆಯವನು ಆ ತಿದ್ದುಪಡಿಯನ್ನೇ ತಿದ್ದುತ್ತಾನೆ, ನಾಲ್ಕನೆಯವನು ಗೂಗಲ್ ತೆರೆಯುತ್ತಾನೆ. ಬಳಗಕ್ಕೆ ಹೊಸದಾಗಿ ಬಂದ ಹುಡುಗಿ ಏನೋ ಕೇಳಬೇಕೆಂದುಕೊಂಡಿದ್ದವಳು ಸುಮ್ಮನಾಗಿಬಿಡುತ್ತಾಳೆ. ಹಾಗಾಗದಂತೆ ನೋಡಿಕೊಳ್ಳುವುದು ನಿಮ್ಮಲ್ಲಿ ಹಿರಿಯರಾದವರ ಕೆಲಸ.

ಯಾವ ಗಾಡಿ ಬಿಟ್ಟರೂ ಮೂರನ್ನು ಬಿಡಬೇಡಿ.

ಒಂದು, ಪ್ಯಾಟನ್. 1965ರಲ್ಲಿ ಪಾಕಿಸ್ತಾನದ ಕೈಯಲ್ಲಿದ್ದ ಈ ಅಮೆರಿಕನ್ ಟ್ಯಾಂಕ್ ಆಗಿನ ಕಾಲಕ್ಕೆ ಭಾರೀ ಹೆಸರುವಾಸಿ. 90 ಮಿಲಿಮೀಟರ್ ತೋಪಿನ ಈ ಗಾಡಿಗಳನ್ನು ಕಟ್ಟಿಕೊಂಡು ಅವರ 1ನೇ ಆರ್ಮರ್ಡ್ ಡಿವಿಜನ್ ಪಂಜಾಬಿನ ಖೇಮಕರಣ್ ಕಡೆಯಿಂದ ನುಗ್ಗಿತು. ಎದುರಿಗಿದ್ದ ನಮ್ಮವರ ಬಳಿ ಸೆಂಚುರಿಯನ್‌ಗಳ ಜತೆಗೆ ಎರಡನೇ ಮಹಾಯುದ್ಧದ ಕಾಲದ ಶೆರ್ಮನ್‌ಗಳೂ, ಹಗುರವಾದ ಫ್ರೆಂಚ್ ಎಎಂಎಕ್ಸ್-13ಗಳೂ ಇದ್ದವು. ಕಾಗದದ ಮೇಲೆ ಲೆಕ್ಕ ಹಾಕಿದರೆ ಪ್ಯಾಟನ್ ಗೆಲ್ಲಬೇಕಿತ್ತು. ಆದರೆ ನಮ್ಮವರು ಕಾಲುವೆ ನೀರನ್ನು ಗದ್ದೆಗೆ ಬಿಟ್ಟರು. ಎತ್ತರಕ್ಕೆ ಬೆಳೆದ ಕಬ್ಬಿನ ನಡುವೆ ಕುದುರೆಲಾಳದ ಆಕಾರದಲ್ಲಿ ಅಡಗಿ ಕೂತರು. ಸೆಪ್ಟೆಂಬರ್ 8ರಿಂದ 10ರವರೆಗೆ ಅಸಲ್ ಉತ್ತರ್‌ನಲ್ಲಿ ನಡೆದ ಕಾಳಗದಲ್ಲಿ ಪಾಕಿಸ್ತಾನದ ದಂಡು ಕಳೆದುಕೊಂಡ ಟ್ಯಾಂಕುಗಳು 97. ಎಷ್ಟೋ ಪ್ಯಾಟನ್‌ಗಳು ಕೆಸರಿನಲ್ಲಿ ಹೂತು ನಿಂತಲ್ಲೇ ಸಿಕ್ಕಿಬಿದ್ದವು. ಆ ಟ್ಯಾಂಕಿನ ಮುಂದೆ ಬಗ್ಗಿ ಅದರ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರ ಎಂದು ನೋಡಿ. ಅಷ್ಟು ಆಳದ ಕೆಸರು ಸಿಕ್ಕರೆ ಸಾಕು, ಹೊಟ್ಟೆ ನೆಲಕ್ಕೆ ಕೂತು ಪಟ್ಟಿಗಳು ಸುಮ್ಮನೆ ತಿರುಗುತ್ತವೆ.

ಪ್ಯಾಟನ್ ನೋಡಿದ ಬಳಿಕ ಒಂದು ಜೀಪಿನ ಮಾತಾಡದೆ ಮುಂದೆ ಹೋಗಬೇಡಿ. 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್ ಹೊತ್ತ ಜೀಪು ಅದು. ಗಾಡಿಗಿಂತ ಗನ್ನೇ ಉದ್ದವೇನೋ ಅನ್ನಿಸುತ್ತದೆ, ನಳಿಗೆ ಮುಂದಿನ ಗಾಜಿನ ಚೌಕಟ್ಟು ದಾಟಿ ಬಾನೆಟ್ ಮೇಲೆ ಚಾಚಿರುತ್ತದೆ. ಉಕ್ಕಿನ ರಕ್ಷಣೆ ಎಳ್ಳಷ್ಟೂ ಇಲ್ಲ. ಗುಂಡು ಹಾರಿಸಿದರೆ ಹಿಂಬದಿಯಿಂದ ಬೆಂಕಿ, ಧೂಳು ಎದ್ದು ಎಲ್ಲಿದ್ದೇವೆಂದು ಶತ್ರುವಿಗೆ ತಾನೇ ತೋರಿಸಿಕೊಡುತ್ತದೆ, ತಕ್ಷಣ ಜಾಗ ಬದಲಿಸಬೇಕು. 4 ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಇಂಥ ಜೀಪಿನಲ್ಲಿ ಕಬ್ಬಿನ ಮರೆಯಿಂದ ಮರೆಗೆ ಸರಿಯುತ್ತ ಒಂದಾದ ಮೇಲೊಂದು ಪ್ಯಾಟನ್ ಹೊಡೆದುರುಳಿಸಿ, ಕೊನೆಗೆ ತಾವೂ ಅಲ್ಲೇ ಮಡಿದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಆ ಜೀಪು ಬಟಾಬಯಲಿನಲ್ಲಿ ಇದ್ದಿದ್ದರೆ ಒಂದು ನಿಮಿಷ ಉಳಿಯುತ್ತಿರಲಿಲ್ಲ. ಕಬ್ಬಿನ ಗದ್ದೆಯೇ ಅದಕ್ಕೆ ರಕ್ಷಾಕವಚವಾಯಿತು.

ಎರಡನೆಯದು ಸ್ಟುವರ್ಟ್. ದೊಡ್ಡ ಟ್ಯಾಂಕುಗಳ ನಡುವೆ ಮಕ್ಕಳ ಆಟಿಕೆಯಂತೆ ಕಾಣುತ್ತದೆ, ಜನ ಅದರತ್ತ ತಿರುಗಿಯೂ ನೋಡುವುದಿಲ್ಲ. ಕನ್ನಡಿಗರಾದ ನೀವು ಮಾತ್ರ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1948ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ಕೂತಿದ್ದ ಪಾಕಿಸ್ತಾನದ ಕಡೆಯವರ ಮೇಲೆ ನಮ್ಮ ಕಾಲಾಳುಗಳ ದಾಳಿ ವಿಫಲವಾಗಿತ್ತು. ಲೇಹ್‌ಗೆ ಹೋಗುವ ದಾರಿ ಮುಚ್ಚಿತ್ತು, ಚಳಿಗಾಲ ಹತ್ತಿರವಾಗುತ್ತಿತ್ತು. ಆ ವಿಭಾಗದ ದಂಡನಾಯಕ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಹನ್ನೊಂದೂವರೆ ಸಾವಿರ ಅಡಿಗೂ ಮೇಲಿನ ಆ ಕಣಿವೆಗೆ ಟ್ಯಾಂಕ್ ಹತ್ತಿಸಲು ಅವರು ತೀರ್ಮಾನಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬಂದೀತೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳ ಟರೆಟ್, ಅಂದರೆ ಮೇಲಿನ ತಿರುಗುವ ಭಾಗವನ್ನು ಬಿಚ್ಚಿದರು. ದಾರಿಯ ದುರ್ಬಲ ಸೇತುವೆಗಳಿಗೆ ಭಾರ ಕಡಿಮೆಯಾಗಲಿ, ಗುಟ್ಟೂ ಉಳಿಯಲಿ ಎಂದು ಅವನ್ನು ಬೇರೆಯಾಗಿಯೇ ಸಾಗಿಸಿದರು. ಕಣಿವೆಯ ಬುಡದ ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆಗಳ ಕಾಲುದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅದನ್ನು ಟ್ಯಾಂಕ್ ಹಿಡಿಸುವಷ್ಟು ಅಗಲ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್‌ಗಳು, ಅಂದರೆ ಬೆಂಗಳೂರಿನಲ್ಲಿ ನೆಲೆಯಿರುವ ನಮ್ಮ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು (ಎಂಇಜಿ). ನವೆಂಬರ್ 1ರಂದು ಹಿಮದ ನಡುವೆ ಸ್ಟುವರ್ಟ್‌ಗಳು ಕಣಿವೆಗೆ ನುಗ್ಗಿದವು. ಜನರಲ್ ತಿಮ್ಮಯ್ಯ ತಾವೇ ಮುಂದಿನ ಟ್ಯಾಂಕಿನಲ್ಲಿ ಕೂತಿದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ನಮ್ಮ ಕೈಗೆ ಬಂದು ಲೇಹ್‌ನ ದಾರಿ ತೆರೆಯಿತು.

ಆ ಸ್ಟುವರ್ಟ್‌ನ ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆಯಿರಿ. ಉದ್ದ ಸುಮಾರು 15 ಅಡಿ, ಅಗಲ ಏಳೂವರೆ ಅಡಿ. ನಿಮ್ಮ ಟಿಟಿಗಿಂತ ತುಸುವೇ ಅಗಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಕೆಳಗೆ ಹಿಮ, ಚಳಿಗೆ ಕೈಬೆರಳು ಮರಗಟ್ಟಿದೆ, ಪಟ್ಟಿ ಒಂದು ಕಡೆ ಜಾರುತ್ತಿದೆ. ಇಷ್ಟನ್ನು ಕಣ್ಣಮುಂದೆ ತಂದುಕೊಂಡರೆ ಆ ಸಣ್ಣ ಗಾಡಿ ಯಾಕೆ ಬೇಕಾಯಿತೆಂದು ಗೊತ್ತಾಗುತ್ತದೆ. ಪ್ಯಾಟನ್‌ನಂಥ ದೈತ್ಯ ಆ ದಾರಿಯ ಮೊದಲ ತಿರುವಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮುಂದೆ ಎಂದಾದರೂ ಮಡಿಕೇರಿಗೆ ಹೋದಾಗ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಮ್ಯೂಸಿಯಂ ಆಗಿದೆ, ಅದನ್ನೂ ನೋಡಿ. ಅಲ್ಲಿಗೆ ಈ ಕಥೆ ಪೂರ್ತಿಯಾಗುತ್ತದೆ.

ಮೂರನೆಯದು ರಷ್ಯನ್ನರ ಪಿಟಿ-76. ಮುಂಭಾಗ ದೋಣಿಯಂತೆ ಚೂಪಾಗಿದೆ, ಹಿಂಭಾಗದಲ್ಲಿ ನೀರು ಚಿಮ್ಮಿಸಿ ಮುಂದಕ್ಕೆ ತಳ್ಳುವ ದ್ವಾರಗಳಿವೆ, ಅವನ್ನು ಮರೆಯದೆ ನೋಡಿ. ಉಕ್ಕು ತೀರಾ ತೆಳು. ಮರುಭೂಮಿಯಲ್ಲಿ ದೊಡ್ಡ ಟ್ಯಾಂಕಿನ ಎದುರು ನಿಲ್ಲಿಸಿದ್ದರೆ ಅದರ ಗತಿ ಮುಗಿದಂತೆಯೇ. ಆದರೆ 1971ರಲ್ಲಿ ಹೊಳೆ, ಹಳ್ಳ, ಜೌಗಿನ ಪೂರ್ವ ಬಂಗಾಳಕ್ಕೆ ಹೇಳಿ ಮಾಡಿಸಿದ ಗಾಡಿ ಅದೇ. ನವೆಂಬರ್ 21ರ ಬೆಳಗಿನ ದಟ್ಟ ಮಂಜಿನಲ್ಲಿ ಗರೀಬ್‌ಪುರದ ಬಳಿ 14 ಪಂಜಾಬ್ ಕಾಲಾಳುಗಳ ಜತೆಗಿದ್ದ 45 ಕ್ಯಾವಲ್ರಿಯ ಪಿಟಿ-76ಗಳು ಪಾಕಿಸ್ತಾನದ ಚಾಫೀ ಟ್ಯಾಂಕುಗಳನ್ನು ಎದುರಿಸಿದವು. ಬಂದ ಚಾಫೀಗಳಲ್ಲಿ ಬಹುಪಾಲು ನಾಶವಾದವು ಇಲ್ಲವೇ ಕೈವಶವಾದವು. ಪಿಟಿ-76ಗಳ ದಳದ ಮುಖ್ಯಸ್ಥ ಮೇಜರ್ ದಲ್‌ಜೀತ್ ಸಿಂಗ್ ನಾರಂಗ್ ಅಲ್ಲೇ ವೀರಮರಣ ಹೊಂದಿದರು.

ಈ ಮೂರನ್ನೂ ಒಟ್ಟಿಗೆ ನೋಡಿದವರಿಗೆ ‘ಯಾವುದು ಶ್ರೇಷ್ಠ ಟ್ಯಾಂಕ್’ ಎಂಬ ಜಗಳಕ್ಕೆ ಅರ್ಥವಿಲ್ಲ ಎಂದು ತಾನಾಗಿಯೇ ಹೊಳೆಯುತ್ತದೆ. ಎಲ್ಲಿ, ಯಾವ ತಿಂಗಳಲ್ಲಿ, ಯಾರ ಕೈಯಲ್ಲಿ ಎಂದು ಕೇಳದ ಹೊರತು ಆ ಪ್ರಶ್ನೆಗೆ ಉತ್ತರವಿಲ್ಲ. ಇನ್ನೊಂದು ವಿಷಯ. ವಶಪಡಿಸಿಕೊಂಡ ಶತ್ರುವಿನ ಟ್ಯಾಂಕಿನ ಮುಂದೆ ನಿಂತು ಗೇಲಿ ಮಾಡಬೇಡಿ. ಅದರೊಳಗೂ ಮನೆಯಿಂದ ಕಾಗದ ಬರುವುದನ್ನು ಕಾಯುತ್ತಿದ್ದ ಹುಡುಗರು ಕೂತಿದ್ದರು. ಗೆದ್ದ ನಮ್ಮ ಸೈನಿಕರು ಆ ಟ್ಯಾಂಕನ್ನು ಹಾಳುಗೆಡವದೆ ಕಾಪಾಡಿ ಇಟ್ಟಿದ್ದಾರೆ. ನೋಡಲು ಹೋದ ನಮಗೂ ಅಷ್ಟು ಘನತೆ ಇರಲಿ.

ನಾಲ್ಕನೇ ಮಾತು ನಿಮಗೆ ವಿಚಿತ್ರ ಅನ್ನಿಸಬಹುದು: ಟಿಟಿಯ ಡ್ರೈವರನ್ನು ಗೇಟಿನ ಹೊರಗೆ ಬಿಟ್ಟು ಹೋಗಬೇಡಿ. ಅವನದ್ದೂ ಒಂದು ಟಿಕೆಟ್ ತೆಗೆಯಿರಿ. ನೀವು ಯುದ್ಧದ ತಾರೀಖು ಹೇಳುವ ಹೊತ್ತಿಗೆ ಅವನು ಗಾಡಿಯ ಹಿಂದೆ ಹೋಗಿ ಎಂಜಿನ್‌ಗೆ ಗಾಳಿ ಎಲ್ಲಿಂದ ಬರುತ್ತದೆ, ಡೀಸೆಲ್ ಟ್ಯಾಂಕ್ ಯಾವ ಕಡೆಗಿದೆ, ಪಟ್ಟಿ ಬಿಚ್ಚಿಕೊಂಡರೆ ದಾರಿಯಲ್ಲಿ ಹೇಗೆ ಹಾಕುತ್ತಾರೆ, ಸ್ಟೇರಿಂಗ್ ಇಲ್ಲದೆ ತಿರುಗಿಸುವುದು ಹೇಗೆ ಎಂದು ಕೇಳುತ್ತಾನೆ. ಯುದ್ಧದಲ್ಲಿ ಅವೇ ಜೀವನ್ಮರಣದ ಪ್ರಶ್ನೆಗಳು. ಸೇನೆ ಓಡುವುದೇ ಡೀಸೆಲ್, ಗ್ರೀಸು, ಸ್ಪ್ಯಾನರ್, ಫಿಟ್ಟರ್‌ಗಳ ಮೇಲೆ. ಸಾಲಿನಲ್ಲಿ ಕೆಟ್ಟು ನಿಂತ ಟ್ಯಾಂಕ್ ಎಳೆಯುವ ರಿಕವರಿ ಗಾಡಿಯೋ, ಸೇತುವೆ ಹಾಸುವ ಗಾಡಿಯೋ ಕಂಡರೆ ಅದರ ಮುಂದೆಯೂ ನಿಲ್ಲಿ. ಯಾರೂ ಫೋಟೋ ತೆಗೆಯದ ಗಾಡಿಗಳು ಅವು, ಆದರೆ ಅವಿಲ್ಲದೆ ಫೋಟೋದ ಗಾಡಿಗಳು ಮುಂದೆ ಸಾಗುತ್ತಿರಲಿಲ್ಲ.

ಇನ್ನು ನಡವಳಿಕೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೆ ಗೊತ್ತಿಲ್ಲದ್ದೇನಲ್ಲ. ಮ್ಯೂಸಿಯಂ ಸೇನೆಯ ಸುಪರ್ದಿಯಲ್ಲಿದೆ, ತೆರೆಯುವ ವೇಳೆ, ರಜೆಯ ದಿನ ವಿಚಾರಿಸಿಕೊಂಡೇ ಹೊರಡಿ. ಎಲ್ಲರ ಬಳಿಯೂ ಗುರುತಿನ ಚೀಟಿ ಇರಲಿ. ಕಾವಲಿನವರು ಫೋಟೋ ಬೇಡ ಎಂದ ಕಡೆ ವಾದ ಮಾಡಬೇಡಿ, ಡ್ರೋನ್ ಅಂತೂ ಮನೆಯಲ್ಲೇ ಬಿಡಿ. ಟ್ಯಾಂಕ್ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ. ಬೇಸಿಗೆಯಲ್ಲಿ ಆ ಉಕ್ಕು ಕಾದ ಹೆಂಚಾಗಿರುತ್ತದೆ, ಅಂಚುಗಳು ಚರ್ಮ ಸೀಳುತ್ತವೆ. ಅದಕ್ಕೇ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ನೆನಪಿಗಿರಲಿ ಎಂದು ನಟ್ಟು, ಬೋಲ್ಟು ಬಿಚ್ಚುವ ಚಪಲ ಕೆಲವರಿಗಿರುತ್ತದೆ. ನಿಮ್ಮ ಬಳಗದಲ್ಲಿ ಅಂಥವರಿದ್ದರೆ ಮುಂದಿನ ಪ್ರವಾಸಕ್ಕೆ ಕರೆಯಬೇಡಿ.

ಅಲ್ಲಿ ನಿವೃತ್ತ ಸೈನಿಕರು ಯಾರಾದರೂ ಮಾತಿಗೆ ಸಿಕ್ಕರೆ ನಿಮ್ಮ ಅದೃಷ್ಟ. ಆದರೆ ‘ಎಷ್ಟು ಜನರನ್ನು ಹೊಡೆದಿರಿ’ ಎಂದು ಮಾತ್ರ ಕೇಳಬೇಡಿ. ಹೊಡೆದವರಿಗೆ ಅದನ್ನು ಹೇಳಬೇಕೆನಿಸುವುದಿಲ್ಲ, ಹೇಳುವವರ ಮಾತು ನಂಬಬೇಕಾಗಿಲ್ಲ. ಊಟ ಏನಿರುತ್ತಿತ್ತು, ಟ್ಯಾಂಕಿನೊಳಗೆ ಎಷ್ಟು ಸೆಕೆ, ಗಾಡಿ ಎಲ್ಲಿ ಕೈಕೊಟ್ಟಿತು, ರಿಪೇರಿ ಯಾರು ಮಾಡಿದರು ಎಂದು ಕೇಳಿ. ಒಂದು ಗಂಟೆ ನಿಲ್ಲಿಸದೆ ಮಾತಾಡುತ್ತಾರೆ, ಅದರಲ್ಲಿ ಒಂದು ಪುಸ್ತಕದಷ್ಟು ಸರಕಿರುತ್ತದೆ. ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ.

ಮಧ್ಯಾಹ್ನ ಉಳಿದರೆ ಅಹಮದ್‌ನಗರದ ಕೋಟೆಗೆ ಹೋಗಿ. 1595-96ರಲ್ಲಿ ಅಕ್ಬರನ ಸೇನೆ ಮುತ್ತಿದಾಗ ಈ ಕೋಟೆ ಕಾದವಳು ಚಾಂದ್‌ಬೀಬಿ. ನಿಜಾಮಶಾಹಿಯ ಮಗಳು, ನಮ್ಮ ವಿಜಯಪುರದ ಒಂದನೇ ಅಲಿ ಆದಿಲ್‌ಷಾನ ರಾಣಿ. ಹಿಂದಿನ ದಿನ ವಿಜಯಪುರದಲ್ಲಿ ಅವಳ ಹೆಸರಿನ ಚಾಂದ್ ಬಾವಡಿ ನೋಡಿದ್ದವರಿಗೆ ಎರಡೂ ಊರು ಬೆಸೆದುಕೊಳ್ಳುತ್ತವೆ. ಇದೇ ಕೋಟೆಯ ಸೆರೆಮನೆಯಲ್ಲಿ 1944ರಲ್ಲಿ ನೆಹರೂ ‘ಡಿಸ್ಕವರಿ ಆಫ್ ಇಂಡಿಯಾ’ ಬರೆದರು. ಯುದ್ಧದ ಇತಿಹಾಸ ಎಂದು ಹೊರಟವರಿಗೆ ಬೇರೆ ಇತಿಹಾಸವೂ ಅದೇ ಗೋಡೆಯೊಳಗೆ ಸಿಗುತ್ತದೆ.

ನಿಂತ ಗಾಡಿ ನೋಡಿ ತೃಪ್ತಿಯಾಗದೆ ಓಡುವುದನ್ನು ನೋಡಬೇಕು ಎನ್ನುವವರಿಗೂ ಒಂದು ಮಾತು. ಸೇನೆಯವರು ಆಗಾಗ ‘ನೋ ಯುವರ್ ಆರ್ಮಿ’ ಎಂಬ ಮೇಳಗಳನ್ನು ಜನರಿಗಾಗಿ ನಡೆಸುತ್ತಾರೆ, ಪತ್ರಿಕೆಯಲ್ಲಿ ಕಣ್ಣಿಟ್ಟಿರಿ. ಇಂಗ್ಲೆಂಡಿನಲ್ಲಿ ನಿಮ್ಮ ಅಣ್ಣನೋ ಅಕ್ಕನೋ ಇದ್ದರೆ ಬೇಸಿಗೆಯಲ್ಲಿ ಡಾರ್ಸೆಟ್‌ನ ಬೋವಿಂಗ್ಟನ್‌ಗೆ ಹೋಗಲು ಹೇಳಿ. ಅಲ್ಲಿಯ ಟ್ಯಾಂಕ್ ಮ್ಯೂಸಿಯಂನವರು ನಡೆಸುವ ಟ್ಯಾಂಕ್‌ಫೆಸ್ಟ್‌ನಲ್ಲಿ ಹಳೆಯ ಟ್ಯಾಂಕುಗಳು ಗುಡುಗುತ್ತ ಓಡುತ್ತವೆ. 1915ರ ‘ಲಿಟಲ್ ವಿಲ್ಲಿ’ ಅಲ್ಲೇ ಇದೆ. 1943ರಲ್ಲಿ ಟ್ಯುನೀಸಿಯಾದಲ್ಲಿ ಸೆರೆಸಿಕ್ಕ 131ನೇ ನಂಬರಿನ ಜರ್ಮನ್ ಟೈಗರ್ ಅನ್ನು ಇಂದಿಗೂ ಓಡುವ ಸ್ಥಿತಿಯಲ್ಲಿ ಇಟ್ಟಿದ್ದಾರೆ. ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಲಿ, ಮಕ್ಕಳಿಗೂ ಇಡಲಿ.

ಕೊನೆಗೊಂದು ಬೇಡಿಕೆ. ಪ್ರವಾಸ ಮುಗಿಸಿ ಬಂದ ಮೇಲೆ ಒಬ್ಬೊಬ್ಬರೂ ತಮ್ಮ ಪಾಲಿಗೆ ಬಂದ ಗಾಡಿಯ ಬಗ್ಗೆ ಎರಡು ಪುಟ ಕನ್ನಡದಲ್ಲಿ ಬರೆದು ಬಳಗದ ಕೈಗೆ ಕೊಡಿ. ನಮ್ಮ ಕೆಲವು ಊರುಗಳಲ್ಲೂ ಹಳೆಯ ಟ್ಯಾಂಕ್, ತೋಪು ತಂದು ನಿಲ್ಲಿಸಿದ್ದಾರೆ. ಸಂಜೆ ಮಕ್ಕಳು ಅದರ ಸುತ್ತ ಆಡುತ್ತಾರೆ, ಅದು ಎಲ್ಲಿಂದ ಬಂತೆಂದು ಕೇಳಿದರೆ ಹೇಳುವವರಿಲ್ಲ. ನಿಮ್ಮ ಊರಿನಲ್ಲಿ ಅಂಥದ್ದೊಂದು ಇದ್ದರೆ ಅದರ ಚರಿತ್ರೆ ಹುಡುಕಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅದು ಯಾವ ನೆಲದಲ್ಲಿ ಓಡಿತು, ಯಾರು ಓಡಿಸಿದರು ಎಂದು ಕನ್ನಡದಲ್ಲಿ ಒಂದು ಫಲಕ ಬರೆಸಿ ಹಾಕಿಸಿ. ಇತಿಹಾಸ ಬಳಗ ಎಂದು ಹೆಸರಿಟ್ಟುಕೊಂಡವರು ಊರಿಗೆ ಅಷ್ಟಾದರೂ ಮಾಡಲೇಬೇಕು.